ಯಂತ್ರಜ್ಜಿಯ ಮೊದಲ ಮುಖ

ಗೊಂಬೆ ಮಾಡುವ ಕಾರ್ಖಾನೆ ಎಂದರೆ ಎಲ್ಲರೂ ನಗುನಗುತ್ತ ಕೆಲಸ ಮಾಡುವ ಜಾಗ ಎಂದುಕೊಂಡವರು ಒಮ್ಮೆ ಅಕ್ಕನ ಕಾರ್ಖಾನೆಗೆ ಬಂದು ಹೋಗಬೇಕು. ಅಲ್ಲಿ ಕೈಗಳೆಲ್ಲ ಒಂದು ಬುಟ್ಟಿಯಲ್ಲಿ, ಕಾಲುಗಳೆಲ್ಲ ಇನ್ನೊಂದರಲ್ಲಿ ಬಿದ್ದಿರುತ್ತವೆ. ತಲೆಗಳನ್ನು ಕಡ್ಡಿಗೆ ಸಿಕ್ಕಿಸಿ ಬಣ್ಣ ಒಣಗಲು ಸಾಲಾಗಿ ನಿಲ್ಲಿಸಿರುತ್ತಾರೆ. ಬಣ್ಣಕ್ಕೆ ಬೆರೆಸುವ ತಿನ್ನರ್ ವಾಸನೆಗೆ ಹೊಸಬರ ತಲೆ ಗಿರ್ರೆನ್ನುತ್ತದೆ. ಅಕ್ಕ ಎಂದರೆ ಈ ಕಾರ್ಖಾನೆಯ ಒಡತಿ. ಮೇಣದಲ್ಲಿ ಮುಖ ತಿದ್ದುವವಳೂ ಅವಳೇ, ಕಣ್ಣಿಗೆ ಬಣ್ಣ ಇಡುವವಳೂ ಅವಳೇ, ಸಂಬಳ ತಡವಾದರೆ ಮುಖ ಮರೆಸಿಕೊಂಡು ಓಡಾಡುವವಳೂ ಅವಳೇ. ಯಂತ್ರಗಳನ್ನು ನಡೆಸುವ, ಅವಳಿಗಿಂತ ಎಷ್ಟೋ ಹಿರಿಯನಾದ ಮಿಷನ್ ಮಾವ ಕೂಡ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದ.

ಅಲ್ಲಿ ತಯಾರಾಗುತ್ತಿದ್ದದ್ದು ತೊಟ್ಟಿಲ ಮಕ್ಕಳ ಗೊಂಬೆಗಳಲ್ಲ. ‘ಏಳನೆಯ ನೌಕೆ’ ಎಂಬ ಟೀವಿ ಕತೆಯ ವೀರರು, ಗೇಣುದ್ದದವರು, ಮಂಡಿ ಮೊಣಕೈ ಮಣಿಕಟ್ಟು ಎಲ್ಲ ಮಡಿಸಬಹುದಾದವರು. ಮಕ್ಕಳಿಗಿಂತ ಮಕ್ಕಳ ಅಪ್ಪಂದಿರೇ ಇವನ್ನು ಹೆಚ್ಚು ಕೊಳ್ಳುತ್ತಿದ್ದರು. ಕೊಂಡು ಆಡುತ್ತಾರೆಯೇ ಎಂದರೆ ಅದೂ ಇಲ್ಲ. ಗಾಜಿನ ಬೀರುವಿನಲ್ಲಿ ಸಾಲಾಗಿ ನಿಲ್ಲಿಸಿ, ದಿನಾ ಧೂಳು ಒರೆಸಿ, ಹೆಂಡತಿಯರಿಂದ ಬೈಸಿಕೊಳ್ಳುತ್ತಾರೆ.

ಕತೆ ಒಂದು ದೊಡ್ಡ ಕಂಪನಿಯದು. ಗೊಂಬೆ ಮಾಡಲು ಅವರು ಲೈಸೆನ್ಸ್ ಕೊಡುತ್ತಾರೆ, ಅವಧಿ ಮುಗಿದರೆ ಕಿತ್ತುಕೊಳ್ಳುತ್ತಾರೆ. ಬಾಡಿಗೆ ಮನೆಯ ಗೋಡೆಗೆ ನಾವು ಎಷ್ಟು ಚೆಂದ ಬಣ್ಣ ಬಳಿದರೂ, ಖಾಲಿ ಮಾಡು ಎಂದ ದಿನ ಅದನ್ನು ಕೆರೆದುಕೊಂಡು ಹೋಗಲಾಗುವುದಿಲ್ಲವಲ್ಲ, ಹಾಗೆ. ಅಕ್ಕನಿಗೆ ಇದು ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಆ ಗೋಡೆಯ ಮೇಲೆ ಹೆತ್ತ ತಾಯಿಯ ಮುಖ ಬರೆದಳು.

ನೌಕೆಯಲ್ಲಿ ಯಂತ್ರಜ್ಜಿ ಎಂಬ ಮುದುಕಿಯೊಬ್ಬಳಿದ್ದಳು. ಕೆಟ್ಟ ಇಂಜಿನ್ನುಗಳನ್ನು ಬೈದುಬೈದೇ ಸರಿಮಾಡುವವಳು, ಊರುಗೋಲಿನ ಬದಲು ದೊಡ್ಡದೊಂದು ಸ್ಪ್ಯಾನರ್ ಊರಿಕೊಂಡು ನಡೆಯುವವಳು. ಟೀವಿಯಲ್ಲಿ ಅವಳ ಮುಖದ ಮೇಲೆ ಸದಾ ವೆಲ್ಡಿಂಗ್ ಮುಖವಾಡ. ಗೊಂಬೆಯ ಮುಖವಾಡ ಮಾತ್ರ ಎತ್ತುವ ಹಾಗಿರಬೇಕು, ಒಳಗೆ ಯಾವುದಾದರೂ ಒಂದು ಮುದಿಮುಖ ಇರಲಿ ಎಂದು ಕಂಪನಿ ಹೇಳಿತು. ಯಾವುದಾದರೂ ಎಂದರೆ ಅಕ್ಕನ ಬೆರಳು ಇನ್ನೆಲ್ಲಿಗೆ ಹೋಗಬೇಕು? ತೀರಿಕೊಂಡ ಅಮ್ಮನಲ್ಲಿಗೇ ಹೋಯಿತು. ಕೊಂಚ ಜೋತುಬಿದ್ದ ಒಂದು ರೆಪ್ಪೆ, ಸಿಟ್ಟು ಬಂದರೂ ನಗು ಬಂದರೂ ಸೊಟ್ಟಗಾಗುವ ಬಾಯಿ, ಎಲ್ಲ ಮೇಣದಲ್ಲಿ ಇಳಿಯಿತು. ಅಮ್ಮ ಕ್ಯಾಮೆರಾ ಕಂಡರೆ ಮುಖ ಮುಚ್ಚಿಕೊಳ್ಳುವ ಹೆಂಗಸು. ಮನೆಯಲ್ಲಿ ಉಳಿದಿದ್ದದ್ದು ಒಂದೇ ಫೋಟೋ, ಅದರಲ್ಲೂ ಸರಿಯಾಗಿ ಕ್ಲಿಕ್ಕಿಸುವ ಹೊತ್ತಿಗೆ ತಲೆ ತಗ್ಗಿಸಿ ಕಣ್ಣು ಮುಚ್ಚಿಬಿಟ್ಟಿದ್ದಳು.

ಕಂಪನಿಯವರು ಆ ಮುಖವನ್ನು ಒಪ್ಪಲಿಲ್ಲ. ಎರಡೂ ಕಣ್ಣು ಸಮ ಇರಲಿ, ಬಾಯಿ ನೇರ ಇರಲಿ, ಅಜ್ಜಿ ಸಿಡುಕಿಯ ಹಾಗೆ ಕಾಣುತ್ತಾಳೆ, ಸ್ವಲ್ಪ ನಗಿಸಿ ಎಂದು ವಾಪಸ್ಸು ಕಳಿಸಿದರು. ಅಕ್ಕ ರೆಪ್ಪೆ ಎತ್ತಿದಳು, ಕೆನ್ನೆ ಉಬ್ಬಿಸಿದಳು. ಇನ್ನೂ ನಗಿಸಿ ಎಂದರು, ಇನ್ನೂ ನಗಿಸಿದಳು. ಅವರು ಒಪ್ಪಿದ ಮುಖ ಉಕ್ಕಿನ ಅಚ್ಚಿಗೆ ಹೋಯಿತು, ಅದೇ ಮುಖಕ್ಕೆ ಅಕ್ಕ ತಿಂಗಳುಗಟ್ಟಲೆ ಕೂತು ಕಣ್ಣು ಬರೆದಳು. ಮೊದಲು ತಿದ್ದಿದ ಮುಖವನ್ನು ಮಾತ್ರ, ರೆಪ್ಪೆ ಎತ್ತುವ ಮುಂಚೆಯೇ, ತನಗಾಗಿ ಒಂದೇ ಒಂದು ಸಲ ಎರಕ ಹೊಯ್ದು, ಮೈಗೆ ಜೋಡಿಸಿ, ಬಣ್ಣದ ಬಾಟಲಿಗಳ ಹಿಂದೆ ನಿಲ್ಲಿಸಿಕೊಂಡಳು. ಬ್ರಷ್ ತೊಳೆಯುವಾಗ ಅದರ ಮುಖವಾಡ ಎತ್ತಿ “ಏನಮ್ಮಾ, ಇವತ್ತೂ ಸಿಟ್ಟಾ?” ಎಂದು ಕೇಳುವುದು ಅವಳಿಗೆ ರೂಢಿಯಾಯಿತು.

ಯಂತ್ರಜ್ಜಿ ಅಂಗಡಿಯ ಮುಖ ಕಾಣುವ ಮೊದಲೇ ಲೈಸೆನ್ಸ್ ಬೇರೆಯವರ ಪಾಲಾಯಿತು. ದೊಡ್ಡ ಕಾರ್ಖಾನೆ, ದೊಡ್ಡ ಮಾತು, ದೊಡ್ಡ ಜಾಹೀರಾತು. ಅವರ ಹೊಸ ಚಿತ್ರದಲ್ಲಿ ಯಂತ್ರಜ್ಜಿಯ ಸುಕ್ಕೆಲ್ಲ ಹೋಗಿ, ಸೊಂಟ ಸಣ್ಣಗಾಗಿ, ಅಜ್ಜಿ ಮೊಮ್ಮಗಳಾಗಿದ್ದಳು. ಅಕ್ಕನಿಗೆ ಬಂದ ಆದೇಶ ಚಿಕ್ಕದು. ಅಚ್ಚುಗಳನ್ನು ಕತ್ತರಿಸಬೇಕು, ಮಾಡಿಟ್ಟ ಗೊಂಬೆಗಳನ್ನೂ ಮಾದರಿಗಳನ್ನೂ ಕಂಪನಿಯ ಮನುಷ್ಯನ ಎದುರಿಗೇ ಪುಡಿಮಾಡಬೇಕು, ಒಂದೂ ಉಳಿಯಕೂಡದು.

ಆ ಮನುಷ್ಯನಿಗೆ ಕಾರ್ಖಾನೆಯವರು ಇಟ್ಟ ಹೆಸರು ಗಡಿಯಾರ. ಮಾತಿಗೊಮ್ಮೆ ಮಣಿಕಟ್ಟು ನೋಡಿಕೊಳ್ಳುವ ಚಟ ಅವನಿಗೆ. ಅಂದು ಮಿಷನ್ ಮಾವ ಪುಡಿಯಂತ್ರದ ಬಾಯಿಗೆ ಗೊಂಬೆಗಳನ್ನು ಸುರಿಯುತ್ತಿದ್ದರೆ, ಗಡಿಯಾರ ಹತ್ತಿರವೇ ನಿಂತು ರೆಪ್ಪೆ ಬಡಿಯದೆ ನೋಡಿದ. ಆ ದಿನ ಒಮ್ಮೆಯೂ ಮಣಿಕಟ್ಟಿನ ಕಡೆ ಕಣ್ಣು ಹಾಯಿಸಲಿಲ್ಲ. ಕಟುಕ, ಇವನಿಗೆ ಇದೊಂದು ಮೋಜು ಎಂದುಕೊಂಡಳು ಅಕ್ಕ. ಆಗ ಮೊದಲ ಮುಖದ ಯಂತ್ರಜ್ಜಿ ಸ್ಟ್ಯಾಂಡಿನ ಸಮೇತ ಅವಳ ಅಪ್ರನ್ನಿನ ಜೇಬಿನಲ್ಲಿದ್ದಳು.

ಸಂಜೆಗೆ ಆ ಗೊಂಬೆ ಅವಳ ಒಡಹುಟ್ಟಿದ ತಮ್ಮನ ಮನೆ ಸೇರಿತು. ತಮ್ಮ ಒಂದು ಕಚೇರಿಯಲ್ಲಿ ಲೆಕ್ಕ ಬರೆಯುವವನು, ಹೊಟ್ಟೆಪಾಡಿಗೆ ಅಷ್ಟೆ. ಅವನ ನಿಜವಾದ ಬದುಕು ಗಾಜಿನ ಬೀರುವಿನೊಳಗಿತ್ತು. ಮದುವೆಯ ಮಾತೆತ್ತಿದರೆ “ಇನ್ನೊಂದು ಬೀರುಗೇ ಜಾಗ ಇಲ್ಲ ಅಕ್ಕಾ” ಎನ್ನುತ್ತಿದ್ದ. ಗೊಂಬೆಯ ಮುಖವಾಡ ಎತ್ತಿ ನೋಡಿದ.

“ಅಮ್ಮ ಕಣೇ” ಎಂದ.

“ಹೂಂ. ಯಾರಿಗೂ ತೋರಿಸಬೇಡ. ತೋರಿಸಿದ್ರೆ ನನ್ನ ಕಾರ್ಖಾನೆಗೆ ಬೀಗ ಬೀಳುತ್ತೆ.”

“ಅಮ್ಮನಾಣೆ, ಯಾರಿಗೂ ತೋರಿಸಲ್ಲ.”

ಅವನು ಮಾತಿಗೆ ತಪ್ಪಲಿಲ್ಲ. ತಪ್ಪಿದ್ದರೆ ಬೈದು ಹಗುರಾಗಬಹುದಿತ್ತು.

ಕಾರ್ಖಾನೆಗೆ ಉಳಿದಿದ್ದದ್ದು ಅದೇ ಕಂಪನಿಯ ಇನ್ನೊಂದು ಲೈಸೆನ್ಸ್, ಕಾಡುಪ್ರಾಣಿಗಳ ಪುಟ್ಟ ಗೊಂಬೆಗಳದ್ದು. ಎಲ್ಲರ ಅನ್ನ ಅದರಲ್ಲಿತ್ತು. ಅದರ ನವೀಕರಣಕ್ಕೆ ಗಡಿಯಾರ ಸಹಿ ಹಾಕಬೇಕು. ಸಹಿಗೆಂದು ಬಂದವನು ಪೆನ್ನು ತೆಗೆಯುವ ಬದಲು ಫೋನು ತೆಗೆದು ಮೇಜಿನ ಮೇಲಿಟ್ಟ. ಪರದೆಯ ಮೇಲೆ ತಮ್ಮನ ಬೀರು. ನೌಕೆಯ ವೀರರು ಸಾಲಾಗಿ ನಿಂತಿದ್ದರು. ಸಾಲಿನ ಕೊನೆಯಲ್ಲಿ ಗೊಂಬೆಯಿಲ್ಲದ ಖಾಲಿ ಸ್ಟ್ಯಾಂಡ್.

“ಎರಡು ತೂತು ಇದೆ ನೋಡಿ ಮೇಡಂ. ಒಂದು ಪಾದಕ್ಕೆ, ಒಂದು ಸ್ಪ್ಯಾನರಿಗೆ. ಇಂಥ ಸ್ಟ್ಯಾಂಡು ಯಂತ್ರಜ್ಜಿಗೆ ಬಿಟ್ಟು ಇನ್ಯಾರಿಗೂ ಇಲ್ಲ. ಅವನ್ನೆಲ್ಲ ಪುಡಿ ಮಾಡಿಸಿದೀನಲ್ಲ ನಾನು?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಅಕ್ಕನ ಕೈ ತಾನಾಗಿಯೇ ಅಪ್ರನ್ನಿನ ಜೇಬಿಗೆ ಹೋಯಿತು. ಅವನು ಅದನ್ನೂ ನೋಡಿದ.

“ಸೋಮವಾರ ಬರ್ತೀನಿ. ಅದನ್ನ ತರಿಸಿಡಿ. ಆಮೇಲೆ ಸಹಿ.”

ಅಕ್ಕ ಅಲ್ಲಿಂದ ನೇರ ತಮ್ಮನ ಮನೆಗೆ ಹೋಗಿ, ಚಪ್ಪಲಿ ಬಿಡುವ ಮೊದಲೇ ಶುರುಮಾಡಿದಳು.

“ಯಾಕೋ ಫೋಟೋ ಹಾಕಿದೆ, ಬುದ್ಧಿ ಇದೆಯೇನೋ ನಿಂಗೆ?”

“ಗೊಂಬೆ ತೋರಿಸಿಲ್ಲ ಅಕ್ಕಾ! ಗೊಂಬೆ ಬಟ್ಟೆ ಕೆಳಗಿದೆ. ಬರೀ ಸ್ಟ್ಯಾಂಡ್ ಇಟ್ಟೆ. ಸಾಲು ಅರ್ಧಕ್ಕೇ ನಿಂತಿದ್ರೆ ನಂಗೆ ಅನ್ನ ಸೇರಲ್ಲ.”

ಅವನು ಸುಳ್ಳು ಹೇಳುತ್ತಿರಲಿಲ್ಲ. ಸಂಗ್ರಹ ಮಾಡುವವರ ಪದ್ಧತಿಯೇ ಅದು, ಬರಬೇಕಾದವನಿಗೆ ಜಾಗ ಬಿಡುತ್ತಾರೆ, ಇರುವವನಿಗೆ ಹೆಸರು ಇಡುತ್ತಾರೆ. ಊರಿಗೆಲ್ಲ ಅರ್ಥವಾಗದ ಖಾಲಿ ಜಾಗ ಅವರಿಗೆ ಮಾತ್ರ ಅರ್ಥವಾಗುತ್ತದೆ. ಅಕ್ಕನಿಗೆ ತಟ್ಟನೆ ಒಂದು ಅನುಮಾನ ಬಂತು.

“ಆ ಫೋಟೋ ಎಲ್ಲೆಲ್ಲಿ ಹಾಕಿದ್ದೆ?”

“ನಮ್ಮ ಗುಂಪಲ್ಲಿ ಮಾತ್ರ. ಅಲ್ಲಿಗೆ ಯಾರನ್ನಂದ್ರೆ ಅವರನ್ನ ಸೇರಿಸ್ಕೊಳ್ಳಲ್ಲ. ಮೊದಲು ತಮ್ಮ ಬೀರು ತೋರಿಸಬೇಕು, ಆಮೇಲೆ ಒಳಗೆ.”

ಹಾಗಾದರೆ ಗಡಿಯಾರಕ್ಕೂ ಒಂದು ಬೀರು ಇದೆ. ಪುಡಿಯಂತ್ರದ ಮುಂದೆ ಅವನು ರೆಪ್ಪೆ ಬಡಿಯದೆ ನಿಂತದ್ದು ಮೋಜಿಗಲ್ಲ ಎಂದು ಅವಳಿಗೆ ಆಗ ಹೊಳೆಯಿತು. ಬೇಲಿಯೇ ಎದ್ದು ಹೊಲ ಮೇಯಲು ಹೊರಟಿತ್ತು.

ಅವನಿಗೆ ಕೊಟ್ಟರೆ ಈ ಸಲಕ್ಕೆ ಸಹಿ ಸಿಗುತ್ತದೆ. ಆಮೇಲೆ ಗೊಂಬೆ ಅವನ ಬೀರುವಿನಲ್ಲಿ, ಅಕ್ಕನ ಜುಟ್ಟು ಅವನ ಕೈಯಲ್ಲಿ. ಮುಂದಿನ ಸಲ ಇನ್ನೊಂದು ಕೇಳುತ್ತಾನೆ, ಅದರ ಮುಂದಿನ ಸಲ ಮತ್ತೊಂದು. ಕೊಡದಿದ್ದರೆ ಕಾರ್ಖಾನೆ ಮುಚ್ಚುತ್ತದೆ. ಗೊಂಬೆಯೇ ಇಲ್ಲವಾದರೆ? ಕೇಳಲು ಅವನಿಗೆ ಏನೂ ಉಳಿಯುವುದಿಲ್ಲ, ದೂರಲು ಬಾಯಿಯೂ ಇರುವುದಿಲ್ಲ. ಅಕ್ಕ ಇದನ್ನು ತಮ್ಮನಿಗೆ ಬಿಡಿಸಿ ಹೇಳಿದಳು. ಅವನು ಗೊಂಬೆ ಸುತ್ತಿದ್ದ ಬಟ್ಟೆಯ ಗಂಟನ್ನು ತೆಗೆದು ಎದೆಗೆ ಅವಚಿಕೊಂಡ.

“ಬೇರೆ ಎಲ್ಲಾ ತಗೊಂಡು ಹೋಗು. ಇಡೀ ಬೀರು ಪುಡಿ ಮಾಡು. ಅಮ್ಮನ್ನ ಮಾತ್ರ ಬೇಡ ಅಕ್ಕಾ.”

“ಅಮ್ಮನ ಮುಖ ಅದರಲ್ಲಿಲ್ಲ ಕಣೋ, ಇಲ್ಲಿದೆ.” ಅವಳು ಹತ್ತೂ ಬೆರಳು ಚಾಚಿ ತೋರಿಸಿದಳು. “ಯಂತ್ರಜ್ಜಿ ಮಾಡೋ ಹಾಗಿಲ್ಲ, ಸರಿ. ಆದ್ರೆ ನಮ್ಮಮ್ಮನ ಮುಖ ನಮ್ಮನೇಲಿ ಮಾಡಿಟ್ಕೊಂಡ್ರೆ ಯಾರಪ್ಪನ ಗಂಟು ಹೋಗುತ್ತೆ? ಒಮ್ಮೆ ಮಾಡಿದ ಕೈ ಇನ್ನೊಮ್ಮೆ ಮಾಡಲ್ವಾ?”

ಅವನು ಆ ಬೆರಳುಗಳನ್ನು ನೋಡಿದ. ಚಿಕ್ಕಂದಿನಿಂದ ಅವನ ಮುರಿದ ಆಟಿಕೆಗಳನ್ನೆಲ್ಲ ಜೋಡಿಸಿಕೊಟ್ಟ ಬೆರಳುಗಳು ಅವು. ನಂಬದಿರಲು ಅವನಿಗೆ ಕಾರಣವಿರಲಿಲ್ಲ. ಗಂಟು ಕೊಟ್ಟ.

ಸೋಮವಾರ ಗಡಿಯಾರ ಬಂದಾಗ ತಮ್ಮನೂ ಕಾರ್ಖಾನೆಯಲ್ಲಿದ್ದ. ಅಕ್ಕ ಬಟ್ಟೆ ಬಿಚ್ಚಿ ಗೊಂಬೆಯನ್ನು ಮೇಜಿನ ಮೇಲೆ ನಿಲ್ಲಿಸಿದಳು. ಗಡಿಯಾರ ಮುಖವಾಡ ಎತ್ತಿದ. “ಇದು... ಪಾಸಾದ ಮುಖ ಅಲ್ಲವಲ್ಲ” ಎಂದ. ಬಾಗಿಲ ಕಡೆ ಒಮ್ಮೆ ನೋಡಿ, ಚೀಲದಿಂದ ಒಂದು ಡಬ್ಬಿ ತೆಗೆದ. ಒಳಗೆ ದಪ್ಪ ಸ್ಪಂಜು, ಅದರ ನಡುವೆ ಯಂತ್ರಜ್ಜಿಯ ಅಳತೆಗೆ, ಸ್ಪ್ಯಾನರಿಗೂ ಸೇರಿಸಿ, ನೀಟಾಗಿ ಕತ್ತರಿಸಿದ ಜಾಗ.

“ಪುಡಿ ಮಾಡೋ ವಸ್ತುಗೆ ಹಾಸಿಗೆ ಯಾಕೆ ಸಾರ್?” ಎಂದಳು ಅಕ್ಕ.

ಗಡಿಯಾರ ಮಣಿಕಟ್ಟು ನೋಡಿಕೊಂಡ. “ಅದೆಲ್ಲ ಆಫೀಸಿನ ವ್ಯವಸ್ಥೆ ಮೇಡಂ. ನೀವು ಕೊಡಿ, ನಾನು ಸಹಿ ಹಾಕ್ತೀನಿ. ಇಬ್ಬರಿಗೂ ತೊಂದರೆ ಇಲ್ಲ.”

“ಆಫೀಸಿನ ವ್ಯವಸ್ಥೆ ನಮಗೂ ಗೊತ್ತು. ಮಾವಾ, ಮಿಷನ್ ಹಾಕಿ.”

ಪುಡಿಯಂತ್ರ ಗುಡುಗತೊಡಗಿತು. ಅಕ್ಕ ಗೊಂಬೆಯನ್ನು ಕೈಗೆತ್ತಿಕೊಂಡು ನಡೆದಳು. ಮುಖವಾಡ ಎತ್ತಿ ಕೊನೆಯ ಸಲ ನೋಡಬೇಕೆನ್ನಿಸಿತು, ನೋಡಿದರೆ ಕೈ ಏಳುವುದಿಲ್ಲ ಎಂದು ನೋಡಲಿಲ್ಲ. ಯಂತ್ರದ ಬಾಯಿಗೆ ಹಾಕಿದಳು. “ಅಯ್ಯಯ್ಯೋ!” ಎಂಬ ಚೀರಾಟ ಕೇಳಿ ಎಲ್ಲರೂ ತಿರುಗಿದರು. ಚೀರಿದವನು ತಮ್ಮನಲ್ಲ, ಗಡಿಯಾರ. ಎರಡೂ ಕೈಯಿಂದ ತಲೆ ಹಿಡಿದುಕೊಂಡಿದ್ದ. ಗೊಂಬೆ ಚೂರಾಗಲು ಅವನು ಚೀರಿದಷ್ಟು ಹೊತ್ತೂ ಹಿಡಿಯಲಿಲ್ಲ.

ಆಮೇಲೆ ಅವನು ಬೆವರು ಒರೆಸಿಕೊಂಡು ಸಹಿ ಹಾಕಿದ. ಹಾಕದೆ ಏನು ಮಾಡುತ್ತಾನೆ? ಸ್ಪಂಜಿನ ಡಬ್ಬಿ ಇನ್ನೂ ಮೇಜಿನ ಮೇಲೆ ಬಾಯಿ ತೆರೆದುಕೊಂಡಿತ್ತು, ನೋಡಿದವರು ಅಷ್ಟು ಜನ ಇದ್ದರು. ಅವನು ಹೋದಮೇಲೆ ಮಿಷನ್ ಮಾವ “ಅಕ್ಕ ಅಂದ್ರೆ ಅಕ್ಕ!” ಎಂದ. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ತಮ್ಮ ಆಗಲೇ ಮನೆಗೆ ಹೋಗಿದ್ದ.

ಆ ಭಾನುವಾರ ಅವಳು ಮೇಣ ತೆಗೆದುಕೊಂಡು ಅವನ ಮನೆಗೆ ಹೋದಳು. ಕಿಟಕಿಯ ಬಳಿ ಕೂತು ಮೇಣ ಹದಮಾಡಿ ಶುರುಮಾಡಿದಳು. ಬೆರಳುಗಳು ಒಮ್ಮೆಯೂ ತಡವರಿಸಲಿಲ್ಲ. ಹಣೆ ಬಂತು, ಮೂಗು ಬಂತು, ಗಲ್ಲ ಬಂತು. ನೋಡಿದೆಯಾ, ಹೇಳಿರಲಿಲ್ಲವೇ ಎಂಬ ಹಮ್ಮಿನಲ್ಲಿ ಅವಳು ಅದನ್ನು ತಮ್ಮನ ಕಡೆ ತಿರುಗಿಸಿದಳು.

ತಮ್ಮ ಹತ್ತಿರ ಬಗ್ಗಿ ನೋಡಿದ.

“ಅಕ್ಕಾ, ಇದು ಕಂಪನಿಯವರ ಅಜ್ಜಿ.”

ಅವಳು ತನ್ನ ಕಡೆಗೆ ತಿರುಗಿಸಿಕೊಂಡು ನೋಡಿದಳು. ಕಣ್ಣೆರಡೂ ಸಮ ಇದ್ದವು. ಕೆನ್ನೆ ಉಬ್ಬಿತ್ತು. ನೇರ ಬಾಯಿ ತುಂಬ ನಗು. ತಿಂಗಳುಗಟ್ಟಲೆ ಕಣ್ಣು ಬರೆದ ಆ ಮುಖವನ್ನು ಬೆರಳುಗಳು ಕಂಠಪಾಠ ಮಾಡಿಕೊಂಡಿದ್ದವು. ಅದಕ್ಕೆ ಮೊದಲಿನದ್ದು ಅವುಗಳಲ್ಲಿ ಇರಲಿಲ್ಲ. ಗಾಬರಿಯಲ್ಲಿ ಅವಳು ಹೆಬ್ಬೆರಳಿನಿಂದ ಒಂದು ರೆಪ್ಪೆಯನ್ನು ಕೆಳಗೆ ಒತ್ತಿದಳು.

“ಆ ಕಣ್ಣಲ್ಲ, ಎಡಗಣ್ಣು” ಎಂದ ತಮ್ಮ.

“ಬಲಗಣ್ಣು ಕಣೋ.”

“ಎಡಗಣ್ಣಲ್ವಾ?”

ಇಬ್ಬರೂ ಮುಖಮುಖ ನೋಡಿಕೊಂಡರು. ಬೇರೆ ಯಾವ ವಿಷಯಕ್ಕಾದರೂ ಅವರು ಸಂಜೆಯವರೆಗೆ ಜಗಳವಾಡುತ್ತಿದ್ದರು.

“ಬಲಗಣ್ಣೇ ಇರಬೇಕು ಬಿಡು” ಎಂದ ಅವನು.

“ಇಲ್ಲ, ನೀನು ಹೇಳಿದ್ದೇ ಸರಿ ಇರಬಹುದು” ಎಂದಳು ಅಕ್ಕ. ಕೇಳೋಣವೆಂದರೆ ಅಮ್ಮನನ್ನು ಹತ್ತಿರದಿಂದ ಕಂಡವರು ಆ ಇಬ್ಬರನ್ನು ಬಿಟ್ಟರೆ ಇನ್ನು ಯಾರೂ ಉಳಿದಿರಲಿಲ್ಲ.