ಗೆರೆ ನಡುಗಿದ್ದು ನನ್ನ ತಪ್ಪಲ್ಲ

ನಾನು ಒಂದು ಇಸಿಜಿ ಯಂತ್ರ. ಎದೆಯ ಬಡಿತವನ್ನು ಕಾಗದದ ಪಟ್ಟಿಯ ಮೇಲೆ ಗೆರೆಯಾಗಿ ಬರೆಯುವುದು ನನ್ನ ಉದ್ಯೋಗ. ಗಾತ್ರದಲ್ಲಿ ಒಂದು ಹಾರ್ಮೋನಿಯಂ ಪೆಟ್ಟಿಗೆಯಷ್ಟೂ ಇಲ್ಲ. ಆದರೂ ಕುಸ್ತಿ ಆಡುವ ಪೈಲ್ವಾನರು ನನ್ನ ಪಕ್ಕದ ಮಂಚದಲ್ಲಿ ಮಲಗಿ ಬೆವತದ್ದನ್ನು ನಾನು ಕಂಡಿದ್ದೇನೆ. ಜಂಬ ಎನ್ನುತ್ತೀರಾ? ಅನ್ನಿ. ಇರುವ ಜಂಬವನ್ನು ಎಲ್ಲಿ ಬಚ್ಚಿಡಲಿ?

ನಾನು ಹುಟ್ಟಿದ್ದು ಮೈಸೂರಿನ ಹೊರಗಿನ ಒಂದು ಸಣ್ಣ ಕಾರ್ಖಾನೆಯಲ್ಲಿ. ಅಲ್ಲಿನ ಹೆಣ್ಣುಮಕ್ಕಳು ಮನೆಯ ಸುದ್ದಿ, ನಾದಿನಿಯ ಸುದ್ದಿ ಎಲ್ಲ ಮಾತಾಡುತ್ತಲೇ ನನ್ನ ಹೊಟ್ಟೆಯೊಳಗೆ ತಂತಿಗಳನ್ನು ಬೆಸೆದರು. ಕೈಕಾಲಿಗೆ ಸಿಕ್ಕಿಸುವ ಬಣ್ಣದ ಕ್ಲಿಪ್ಪುಗಳು, ಎದೆಗೆ ಅಂಟುವ ರಬ್ಬರಿನ ಬುರುಡೆಗಳು, ಬಿಸಿಯಾಗಿ ಗೆರೆ ಎಳೆಯುವ ಒಂದು ಮುಳ್ಳು. ಇಷ್ಟೇ ನನ್ನ ಸಂಸಾರ. ಡಬ್ಬಿಗೆ ಹಾಕುವ ಮುಂಚೆ ಒಬ್ಬಾಕೆ ತನ್ನ ಕೈಕಾಲಿಗೇ ಕ್ಲಿಪ್ಪು ಹಾಕಿಕೊಂಡು ನನ್ನನ್ನು ಪರೀಕ್ಷೆ ಮಾಡಿದಳು. "ಚೆನ್ನಾಗ್ ಬರೀತದೆ ಕಣೇ, ನಮ್ಮನೆಯವ್ರ ಅಕ್ಷರಕ್ಕಿಂತ ವಾಸಿ" ಎಂದಳು. ನನಗೆ ಸಿಕ್ಕ ಮೊದಲ ಹೊಗಳಿಕೆ ಅದು.

ಕೆಲವು ವರ್ಷ ಹುಬ್ಬಳ್ಳಿಯ ಒಬ್ಬ ಹೃದಯದ ಡಾಕ್ಟರರ ಬಳಿ ದುಡಿದೆ. ಅವರು ದೊಡ್ಡ ಯಂತ್ರ ಕೊಂಡ ಮೇಲೆ ಸವತಿ ಬಂದ ಮನೆಯ ಹಿರಿಯ ಹೆಂಡತಿಯಂತೆ ನಾನು ಮೂಲೆ ಸೇರಿದೆ. ಆಗ ಗುಳೇದಗುಡ್ಡದ ಡಾಕ್ಟರ್ ಇಟಗಿಯವರು ಬಂದು ನನ್ನನ್ನು ಕೊಂಡರು. ಬಸ್ಸಿನಲ್ಲಿ ಊರು ತಲುಪುವವರೆಗೂ ಕೂಸನ್ನು ಕೂರಿಸಿಕೊಂಡ ಹಾಗೆ ತೊಡೆಯ ಮೇಲೆ ಇಟ್ಟುಕೊಂಡೇ ಬಂದರು. ಒಳ್ಳೆಯ ಮನುಷ್ಯ ಎಂದು ನನಗೆ ಆಗಲೇ ಗೊತ್ತಾಯಿತು.

ಗುಳೇದಗುಡ್ಡವೆಂದರೆ ರವಿಕೆಯ ಖಣ ನೇಯುವ ಊರು. ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಬೆಳಗಾದರೆ ಮಗ್ಗಗಳ ಸದ್ದು. ನನಗೂ ಆ ಸದ್ದಿಗೂ ಹೊಂದಿಕೆಯಾಯಿತು. ಎಷ್ಟೆಂದರೂ ನನ್ನದೂ ಲಯ ಹಿಡಿದು ಮಾಡುವ ಕೆಲಸವಲ್ಲವೇ?

ಅಲ್ಲಿ ನನ್ನನ್ನು ನಡೆಸಲು ಬಂದವಳು ಕಸ್ತೂರಿ. ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಮಾಡಿ, ಎಲ್ಲದರಲ್ಲೂ ಮೊದಲ ದರ್ಜೆ ಪಡೆದು ಬಂದ ಹುಡುಗಿ. ಕೈ ಎಷ್ಟು ಚೊಕ್ಕವೆಂದರೆ, ಅವಳು ನನ್ನ ತಂತಿಗಳನ್ನು ಸುತ್ತಿಡುವುದನ್ನು ನೋಡುವುದೇ ಒಂದು ಚೆಂದ. ಆದರೆ ಬಾಯಿಗೆ ಬೀಗ! ಸೊಕ್ಕಿನವಳಲ್ಲ ಪಾಪ, ಬಲು ಸಂಕೋಚದವಳು. ಮಾತಾಡಿದರೆ ಎಲ್ಲಿ ತಪ್ಪಾಗುತ್ತದೋ ಎಂಬ ಭಯಕ್ಕೆ ರೋಗಿಯ ಮುಖವನ್ನೂ ನೋಡುತ್ತಿರಲಿಲ್ಲ. "ಮಲಗ್ರಿ. ಅಲಗಬ್ಯಾಡ್ರಿ. ಆತು, ಏಳ್ರಿ." ಇಡೀ ದಿನಕ್ಕೆ ಅವಳ ಮಾತು ಇಷ್ಟೇ.

ಇಲ್ಲಿ ನಿಮಗೊಂದು ಗುಟ್ಟು ಹೇಳಬೇಕು. ಹೆದರಿದವರ ಮೈ ಒಳಗೊಳಗೇ ಬಿಗಿದುಕೊಂಡು ಸಣ್ಣಗೆ ನಡುಗುತ್ತದೆ. ಕಣ್ಣಿಗೆ ಕಾಣದ ಆ ನಡುಕವನ್ನೂ ನಾನು ಬಿಡದೆ ಬರೆಯುತ್ತೇನೆ. ಆಗ ಎದೆಯ ಗೆರೆ ನವಿರೆದ್ದ ಹಾಗೆ ಒರಟಾಗಿ, ಅದರೊಳಗಿನ ಸಣ್ಣ ಏರಿಳಿತಗಳು ಮುಚ್ಚಿಹೋಗುತ್ತವೆ. ಕಸ್ತೂರಿಯ ಪಟ್ಟಿಗಳೆಲ್ಲ ಹಾಗೇ ಬರುತ್ತಿದ್ದವು. ಅವಳು ರೋಗಿಯ ಮುಖ ನೋಡುವುದು ಬಿಟ್ಟು ನನ್ನ ಹೊಟ್ಟೆ ಬಿಚ್ಚಿ ನೋಡಿದಳು. ತಂತಿ ಬದಲಿಸಿದಳು. "ಮಶೀನ್ ಕೆಟ್ಟೈತ್ರಿ ಸರ್" ಎಂದು ಡಾಕ್ಟರರಿಗೆ ಚಾಡಿ ಹೇಳಿದಳು. ನನಗೆ ಎಂಥ ಸಿಟ್ಟು ಬಂತು ಅಂತೀರಿ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಹೀಗಿರುವಾಗ ಒಂದು ದಿನ ಪಾರವ್ವ ಬಂದಳು. ಹಿಂದಿನ ಓಣಿಯ ನೇಕಾರರ ಸೊಸೆ, ಏಳು ತಿಂಗಳ ಬಸುರಿ. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಜೊತೆಗೆ ಅತ್ತೆ ಗಂಗವ್ವ. ಹಿಂದಿನ ದಿನವಷ್ಟೇ ಪಾರವ್ವನ ಕುಬಸ ಆಗಿತ್ತು. ಈ ಸೀಮೆಯಲ್ಲಿ ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಬಯಕೆ ಊಟ ಬಡಿಸಿ, ಓಣಿಯವರೆಲ್ಲ ಸೇರಿ ಹಸಿರು ಬಳೆ ಇಡಿಸುತ್ತಾರೆ. ಪಾರವ್ವನ ಎರಡೂ ಕೈಯಲ್ಲಿ ಮಣಿಕಟ್ಟು ಕಾಣದಷ್ಟು ಗಾಜಿನ ಬಳೆ. ಬಳೆಗಾರ ಬಿಗಿಯಾಗಿಯೇ ಏರಿಸಿದ್ದ.

ಕಸ್ತೂರಿ ಕ್ಲಿಪ್ಪು ಹಿಡಿದು ಬಂದಳು. ಮಣಿಕಟ್ಟಿನಲ್ಲಿ ಜಾಗವಿಲ್ಲ. "ಬಳಿ ತಗೀರಿ" ಎಂದಳು.

"ಬರಂಗಿಲ್ರೀ, ಬಿಗಿ ಅದಾವು" ಎಂದಳು ಪಾರವ್ವ ಮೆಲ್ಲಗೆ.

ಕಸ್ತೂರಿ ಮೇಜಿನ ಮೇಲಿನ ಕತ್ತರಿ ತೆಗೆದುಕೊಂಡಳು. "ಹಂಗಾರ ಒಡೀಬೇಕಾಗ್ತದ."

ಅಯ್ಯೋ ಹುಚ್ಚಿ! ಎನ್ನಬೇಕೆನಿಸಿತು ನನಗೆ. ನನಗೆಲ್ಲಿದೆ ಬಾಯಿ? ಬಸುರಿಯ ಕೈಬಳೆಯ ಮುಂದೆ ಕತ್ತರಿ ಹಿಡಿದು ಆ ಮಾತು ಆಡುವುದೇ? ಗಂಗವ್ವನ ಮುಖ ಕೆಂಡವಾಯಿತು.

"ಏನಂದಿ? ಮುತ್ತೈದಿ ಕೈಯಾಗಿನ ಬಳಿ ಒಡೀತೀಯಾ? ನಿನ್ನೆ ಇನ್ನ ಇಡಿಸೇವಿ ಅವನ್ನ! ನಿನ್ನ ಬಾಯಾಗ ಮಣ್ಣ ಬೀಳಲಿ. ಏಳ ಪಾರವ್ವಾ, ಈ ದವಾಖಾನಿ ಹೊಸ್ತಲಾ ಇನ್ನ ತುಳಿಯೂದು ಬ್ಯಾಡ. ನಮ್ಮ ಸೂಲಗಿತ್ತಿ ಅದಾಳ, ಮನ್ಯಾಗ ಹಡೀತಾಳ ನನ್ನ ಸೊಸಿ!"

ಹೊರಟೇಹೋದರು. ಕಸ್ತೂರಿ ಕತ್ತರಿ ಹಿಡಿದು ನಿಂತೇ ಇದ್ದಳು.

ಡಾಕ್ಟರ್ ಇಟಗಿಯವರಿಗೆ ವಿಷಯ ತಿಳಿದಾಗ ಅವರು ಕೂಗಾಡಲಿಲ್ಲ. ತಲೆಯ ಮೇಲೆ ಕೈಹೊತ್ತು ಕೂತರು. "ಆ ಹುಡುಗಿ ಎದಿಯಾಗ ಏನೋ ಬ್ಯಾರೆ ಸಪ್ಪಳ ಕೇಳಿತ್ತು ನನಗ. ಪಟ್ಟಿ ನೋಡಿ ಖಾತ್ರಿ ಮಾಡ್ಕೊಂಡು ಬಾಗಲಕೋಟಿಗೆ ಕಳಸ್ಬೇಕಂತಿದ್ದೆ. ಈಗ ಮನ್ಯಾಗ ಹಡೀತಾಳಂತ. ಹೆರಿಗಿ ನೋವಿನ್ಯಾಗ ಆ ಎದಿ ಕೈಕೊಟ್ರ, ತಾಯಿನೂ ಹೋದ್ಲು, ಕೂಸೂ ಹೋತು."

"ಬಳಿ ಇದ್ರ ಕ್ಲಿಪ್ ಕುಂದ್ರೂದಿಲ್ರಿ ಸರ್..." ಎಂದಳು ಕಸ್ತೂರಿ.

"ಕ್ಲಿಪ್ ಕುಂದ್ರಸೂದು ನಿನಗ ಚಲೋ ಗೊತ್ತೈತಿ ತಂಗಿ. ಮಂದೀನ ಕುಂದ್ರಸೂದು ಯಾವಾಗ ಕಲೀತಿ?"

ಅವರು ಎದ್ದು ಹೋದ ಮೇಲೆ ಹುಡುಗಿ ನನ್ನ ಮೇಲೆ ತಲೆಯಿಟ್ಟು ಅತ್ತಳು. ನನ್ನ ಮೇಲೆ ಚಾಡಿ ಹೇಳಿದವಳೇ ಆದರೂ ನನಗೆ ಅಯ್ಯೋ ಪಾಪ ಎನಿಸಿತು. ಕಣ್ಣೀರು ಗುಂಡಿಯ ಸಂದಿಗೆ ಇಳಿದು ಶಾರ್ಟ್ ಆದೀತೆಂಬ ಭಯವೂ ಇತ್ತೆನ್ನಿ.

ಮರುದಿನ ನನ್ನನ್ನು ಕೈಚೀಲದಲ್ಲಿ ಹಾಕಿಕೊಂಡು ಕಸ್ತೂರಿ ಹಿಂದಿನ ಓಣಿಗೆ ಹೊರಟಳು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಬಾಯಿಪಾಠ ಮಾಡುತ್ತಿದ್ದಳು. ಗಂಗವ್ವನ ಮನೆ ಬಾಗಿಲಿಗೆ ಬಂದದ್ದೇ ತಡ, ಅಷ್ಟೂ ಮರೆತುಹೋಯಿತು. ಗಂಗವ್ವ ರಾಟೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತ ಕೂತಿದ್ದವಳು ತಲೆಯೆತ್ತಿದಳು. ಕಸ್ತೂರಿಯ ಬಾಯಿಂದ ಬಂದದ್ದು ಒಂದೇ ಮಾತು: "ತಪ್ಪಾತ್ರಿ ಅವ್ವಾರ."

ಗಂಗವ್ವ ರಾಟೆ ನಿಲ್ಲಿಸಲಿಲ್ಲ. ಸುತ್ತುತ್ತಲೇ, "ಬಾಗಲದಾಗ ನಿಂದ್ರಸಿ ಮಾತಾಡೋ ಪದ್ಧತಿ ನಮ್ಮನ್ಯಾಗ ಇಲ್ಲ. ಒಳಗ ಬಾ" ಎಂದಳು.

ಬಂದವರಿಗೆ ಕೊಡುವ ಹಾಗೆ ನೀರು, ಬೆಲ್ಲ ಬಂತು. ಬೇರೆ ದಿನವಾಗಿದ್ದರೆ "ಬ್ಯಾಡ್ರಿ" ಎನ್ನುತ್ತಿದ್ದ ಹುಡುಗಿ, ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ಮಗ್ಗದ ಮೇಲಿದ್ದ ಅರ್ಧ ನೇಯ್ದ ಖಣವನ್ನು ನೋಡುತ್ತ ಕೂತವಳು ಕೊನೆಗೆ ಕೇಳಿದಳು: "ಈ ಅಂಚು ಭಾಳ ಚಂದ ಐತ್ರಿ. ಯಾರು ನೇಯ್ದಿದ್ದು?"

ನಾನು ಬೆರಗಾದೆ. ಕಸ್ತೂರಿ ಮನುಷ್ಯರನ್ನು ಪ್ರಶ್ನೆ ಕೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಯಾರು ಅಂದ್ರ? ಈ ಕೈನ!" ಎಂದಳು ಗಂಗವ್ವ. ಆಮೇಲೆ ಶುರುವಾಯಿತು ನೋಡಿ. ಅಂಚಿನ ಹೂವು, ಸೊಂಟನೋವು, ಸೊಸೆ ಬಂದ ಗಳಿಗೆ. ಕಸ್ತೂರಿ "ಹೂಂ", "ಹೌದ್ರಿ?" ಎನ್ನುತ್ತ ಕೇಳಿದಳು. ದವಾಖಾನೆಯ ಹುಡುಗಿ ಬಂದಿದ್ದಾಳೆಂದು ಓಣಿಯ ಹೆಂಗಸರೂ ಬಂದು ಸೇರಿದರು. ಪಾರವ್ವ ಒಳಬಾಗಿಲ ಹಿಂದೆ ನಿಂತು ಇಣುಕುತ್ತಿದ್ದಳು. ಅಲ್ಲಿಂದಲೇ ಅವಳ ಏದುಸಿರು ಕೇಳುತ್ತಿತ್ತು.

"ಅದೇನ ಚೀಲದಾಗ? ಕರೆಂಟ್ ಹೊಡಿಯೂ ಪೆಟಗಿ ಹೌದಿಲ್ಲೋ?" ಎಂದಳು ಗಂಗವ್ವ.

"ಅಲ್ರಿ ಅವ್ವಾರ. ಇದು ಏನೂ ಕೊಡೂದಿಲ್ಲ. ನಿಮ್ಮ ಎದಿ ಹೇಳಿದ್ದನ್ನ ಬರಕೋತದ, ಅಷ್ಟ."

"ಹಂಗಾರ ಮೊದಲ ನನಗ ಹಚ್ಚು. ಸಾಯೂದಿದ್ರ ನಾ ಸಾಯ್ತೀನಿ, ಕೂಸಿನ ತಾಯಿ ಉಳೀಲಿ."

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಗಂಗವ್ವ ಚಾಪೆಯ ಮೇಲೆ ಮಲಗಿದಳು. ಅವಳ ಕೈತುಂಬವೂ ಬಳೆ. ಕಸ್ತೂರಿ ಈ ಸಲ ಏನನ್ನೂ ತೆಗೆಯಿರಿ ಎನ್ನಲಿಲ್ಲ. ಆ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು, ಬಳೆಗಳನ್ನು ಅವು ಇದ್ದಲ್ಲೇ ಬಿಟ್ಟು, ಅವುಗಳಿಗಿಂತ ಮೇಲಕ್ಕೆ, ಮೊಣಕೈ ಹತ್ತಿರ ಕ್ಲಿಪ್ಪು ಕೂರಿಸಿದಳು. ಕ್ಲಿಪ್ಪು ಮಣಿಕಟ್ಟಿಗೇ ಇರಬೇಕೆಂದು ಯಾವ ಶಾಸ್ತ್ರವೂ ಇಲ್ಲ. ಅಲ್ಲಿ ಹಾಕಿದರೂ ನಾನು ಅಷ್ಟೇ ಚೆನ್ನಾಗಿ ಬರೆಯುತ್ತೇನೆ. ಪಾರವ್ವನ ಕೈ ಹಿಡಿದು ನೋಡಿದ್ದರೆ ಹಿಂದಿನ ದಿನವೇ ಅವಳಿಗೆ ಇದು ಹೊಳೆಯುತ್ತಿತ್ತು.

ನಾನು ಗಂಗವ್ವನ ಎದೆಯನ್ನು ಬರೆದೆ. "ಇಷ್ಟ ಏನ ನನ್ನ ಎದಿ? ಸೀರಿ ಅಂಚಿನ ಗೋಪುರ ಇದ್ದಂಗ ಐತಲ್ಲ!" ಎಂದು ಪಟ್ಟಿ ಹಿಡಿದು ಎಲ್ಲರಿಗೂ ತೋರಿಸಿದಳು. ಆಮೇಲೆ ಸೊಸೆಯನ್ನು ಕರೆದಳು. "ಬಾ ಪಾರಿ. ನಾ ಅಂತೂ ಜೀವಂತ ಅದೀನಿ."

ಪಾರವ್ವ ಮಲಗಿದಳು. ಎದೆಗೆ ಬುರುಡೆ ಅಂಟಿಸುವಾಗ ಹೆಂಗಸರು ಸೀರೆಯ ಮರೆ ಹಿಡಿದರು. ಮುಳ್ಳು ಓಡತೊಡಗಿತು. ಗೆರೆಯೆಲ್ಲ ನಡುಕ! ಹುಡುಗಿ ಹಲ್ಲು ಕಚ್ಚಿಕೊಂಡು ಮಲಗಿದ್ದಳು. ಕಸ್ತೂರಿ ಗೆರೆಯನ್ನು ನೋಡಿದಳು. ನನ್ನ ಹೊಟ್ಟೆ ಬಿಚ್ಚಲು ಬರುತ್ತಾಳೇನೋ ಅಂದುಕೊಂಡೆ. ಇಲ್ಲ, ಪಾರವ್ವನ ಮುಖವನ್ನು ನೋಡಿದಳು.

"ಬಯಕಿ ಊಟಕ್ಕ ಏನೇನ್ ಮಾಡಿದ್ರವ್ವಾ?"

"ಹೋಳಿಗಿ, ಕಡಬು, ಐದ ನಮೂನಿ ಅನ್ನ..." ಎಂದು ಪಾರವ್ವ ಅತ್ತೆಯ ಕಡೆ ಓರೆಗಣ್ಣು ಬಿಟ್ಟಳು. "ಆದ್ರ ನನಗ ಬಯಕಿ ಆಗಿದ್ದು ಬರೇ ಮಾವಿನಕಾಯಿ ಚಟ್ನಿ. ಅದೊಂದ ಯಾರೂ ಮಾಡ್ಲಿಲ್ಲ."

"ಯವ್ವ ನನ್ನವ್ವ! ಬಾಯಿ ಬಿಟ್ಟು ಹೇಳಬೇಕಿಲ್ಲೇನ?" ಎಂದು ಗಂಗವ್ವ ಕೆನ್ನೆಗೆ ಕೈ ಹಚ್ಚಿದಳು. ಪಾರವ್ವನಿಗೆ ನಗು ಉಕ್ಕಿ ಬಂತು. ಓಣಿಯೇ ನಕ್ಕಿತು. ನನ್ನ ಮುಳ್ಳು ಅಡ್ಡಾದಿಡ್ಡಿ ಕುಣಿಯಿತು. ನಕ್ಕು ನಕ್ಕು ಸುಸ್ತಾಗಿ ಆಕೆ ಉಸಿರು ಬಿಟ್ಟಳು ನೋಡಿ, ಮೈಯೆಲ್ಲ ಸಡಿಲಾಯಿತು. ಗೆರೆ ತಿಳಿಯಾಯಿತು.

ಆಗ ಕಂಡಿತು. ಪ್ರತಿ ಬಡಿತದ ಮೊದಲಿಗೆ ಬರುವ ಪುಟ್ಟ ಗುಡ್ಡಕ್ಕೆ ಒಂದೇ ತಲೆಯಿರಬೇಕು. ಪಾರವ್ವನ ಗುಡ್ಡಕ್ಕೆ ಎರಡು ತಲೆ. ನಡುಕದಲ್ಲಿ ಖಂಡಿತ ಮುಚ್ಚಿಹೋಗುತ್ತಿದ್ದ ಗುರುತು ಅದು. ಕಸ್ತೂರಿಯ ಮುಖದ ನಗು ಮಾಯವಾಗಲಿಲ್ಲ, ಆದರೆ ನನ್ನ ಮೇಲಿದ್ದ ಅವಳ ಬೆರಳು ತಣ್ಣಗಾಯಿತು.

ಗಂಗವ್ವನ ಕೈ ಹಿಡಿದುಕೊಂಡು ಹೇಳಿದಳು: "ಅವ್ವಾರ, ಇದನ್ನ ಓದಿ ಹೇಳವ್ರು ಡಾಕ್ಟರು, ನಾ ಅಲ್ಲ. ಆದ್ರ ಇವತ್ತ, ಈಗ, ಪಾರವ್ವನ್ನ ಕರಕೊಂಡು ನನ್ನ ಜೋಡಿ ಬರ್ರಿ. ನಾ ಕೈ ಬಿಡೂದಿಲ್ಲ."

ಗಂಗವ್ವ ಅವಳನ್ನೇ ದಿಟ್ಟಿಸಿದಳು. ನನ್ನ ಎದೆ, ಅಂದರೆ ನನಗೂ ಒಂದು ಎದೆ ಇದ್ದಿದ್ದರೆ, ಆಗ ನಿಂತೇಬಿಡುತ್ತಿತ್ತು. ಕೊನೆಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು. "ನಡಿ ಮತ್ತ. ಚಪ್ಪಲಿ ಹಾಕ್ಕೊ ಪಾರವ್ವಾ."

ಪಾರವ್ವನ ಎದೆಯ ಒಂದು ಕವಾಟ ಕಿರಿದಾಗಿತ್ತಂತೆ. ಬಾಗಲಕೋಟೆಯ ದೊಡ್ಡ ಆಸ್ಪತ್ರೆಯಲ್ಲಿ ಹೃದಯದ ಡಾಕ್ಟರರು ಕಾದು ನಿಂತು ಹೆರಿಗೆ ಮಾಡಿಸಿದರು. ಹೆಣ್ಣುಕೂಸು. ತಾಯಿ ಮಗು ಇಬ್ಬರೂ ಗಟ್ಟಿ. ಗಂಗವ್ವ ಪೇಡೆ ಹಿಡಿದು ಬಂದು ಮೊದಲು ಕಸ್ತೂರಿಯ ಬಾಯಿಗೆ ತುರುಕಿದಳು, ಆಮೇಲೆ ಡಾಕ್ಟರರಿಗೆ ಕೊಟ್ಟಳು. ನನ್ನ ಮೇಲೆ ಅರಿಶಿನ ಕುಂಕುಮ ಹಚ್ಚಿದಳು. ಕಸ್ತೂರಿ ಒರೆಸಲು ಹೋದಾಗ, "ಇರ್ಲಿ ಬಿಡ, ಅದೂ ದುಡದೈತಿ" ಎಂದಳು. ಎಂಥ ಖುಷಿಯಾಯಿತು ನನಗೆ! ಅಂದಿನಿಂದ ಆ ಓಣಿಯಲ್ಲಿ ಒಂದು ಹೊಸ ಪದ್ಧತಿ ಬಂತು. ಕುಬಸ ಮುಗಿಸಿದ ಬಸುರಿಯನ್ನು ಮರುದಿನ ಓಣಿಯವರೇ ಮೆರವಣಿಗೆಯ ಹಾಗೆ ನನ್ನ ಹತ್ತಿರ ಕರೆತಂದು ಎದೆ ಬರೆಸುತ್ತಾರೆ.

ಕಸ್ತೂರಿಯಂತೂ ಮಾತು ಕಲಿತಳು ಅಂದರೆ ಕಲಿತಳು! ಯಾರದು ಯಾವ ಊರು, ಯಾರ ಮಗಳಿಗೆ ಗಂಡು ಗೊತ್ತಾಯಿತು, ಎಲ್ಲ ಅವಳಿಗೆ ಗೊತ್ತು. ಹೆದರಿದವರ ಮುಂದೆ ಮೆಲ್ಲಗೆ, ಕಿವುಡರ ಮುಂದೆ ಜೋರಾಗಿ, ಅಳುವವರ ಮುಂದೆ ಸುಮ್ಮನೆ. ಸುಮ್ಮನಿರುವುದೂ ಮಾತಿನ ಒಂದು ಬಗೆಯೆಂದು ಅವಳಿಂದಲೇ ನಾನು ಕಲಿತೆ. ನಮ್ಮ ಪಟ್ಟಿಗಳು ಕನ್ನಡಿಯಷ್ಟು ಸ್ವಚ್ಛ. "ಮಶೀನ್ ರಿಪೇರಿ ಆತೇನ?" ಎಂದು ಡಾಕ್ಟರು ರೇಗಿಸಿದರೆ, "ಮಶೀನಿಗೆ ಏನಾಗಿತ್ರಿ ಸರ್? ಆಪರೇಟರ್ ರಿಪೇರಿ ಆತು" ಎಂದು ನಗುತ್ತಿದ್ದಳು.

ಈಗ ನನಗೆ ವಯಸ್ಸಾಗಿದೆ. ಮುಳ್ಳು ಸವೆದಿದೆ. ಈ ಕೋಣೆಯ ಕಪಾಟಿನ ಮೇಲೆ ನನ್ನ ವಾಸ. ಕೆಳಗೆ ಪರದೆಯಿರುವ ಹೊಸ ಯಂತ್ರ ಕೂತಿದೆ, ಮಹಾ ಠೀವಿ. ತನ್ನ ಗೆರೆ ಎಷ್ಟು ತಿಳಿ ಎಂದು ಕೊಚ್ಚಿಕೊಳ್ಳುತ್ತಿರುತ್ತದೆ. ಕಸ್ತೂರಿ ರಜೆ ಹಾಕಿದ ದಿನ ಅದರ ಬಂಡವಾಳ ನೋಡಬೇಕು ನೀವು!

ಮೊನ್ನೆ ಗಂಗವ್ವ ಬಂದಿದ್ದಳು. ಬೆನ್ನು ಬಾಗಿದೆ, ಕಣ್ಣು ಮಂಜಾಗಿದೆ. ಎದೆಯಲ್ಲಿ ಏನೋ ಹಿಡಿದಂತಾಗುತ್ತದೆಂದು ಮೊಮ್ಮಗಳು ಕರೆತಂದಿದ್ದಳು. ಹೊಸ ಯಂತ್ರ ಕಂಡು ಮುದುಕಿ ಹಿಂಜರಿದಳು.

"ಇದು ಯಾವುದ ಹೊಸಾದು? ನನಗ ಅಂಜಿಕಿ ಬರ್ತೈತಿ."

"ಇದು ಹಳೇದರ ತಮ್ಮ ಅಷ್ಟ, ಅವ್ವಾರ. ನಾ ಇಲ್ಲೇ ಅದೀನಲ್ಲ" ಎಂದು ಕಸ್ತೂರಿ ಪಕ್ಕಕ್ಕೆ ಕೂತಳು.

"ಹಂಗಾರ ನೀ ಮಾತಾಡ್ಕೋತ ಇರು. ನಾ ಮಲ್ಕೋತೀನಿ."

ಕಸ್ತೂರಿ ಮಾತಾಡುತ್ತಲೇ ಕ್ಲಿಪ್ಪು ಹಾಕಿದಳು, ಮಾತಾಡುತ್ತಲೇ ಗುಂಡಿ ಒತ್ತಿದಳು. ಸ್ವಲ್ಪ ಹೊತ್ತಿಗೆ ಕೋಣೆಯಲ್ಲಿ ಗೊರಕೆ ಕೇಳಿಸಿತು. ಒಂದು ಕಾಲದಲ್ಲಿ ಈ ಹೊಸ್ತಿಲು ತುಳಿಯುವುದಿಲ್ಲ ಎಂದು ಶಪಿಸಿ ಹೋದ ಹೆಂಗಸು, ಮೈತುಂಬ ತಂತಿ ಹಾಕಿಕೊಂಡು ಬಾಯಿ ತೆರೆದು ನಿದ್ದೆ ಹೋಗಿದ್ದಳು. ಹೊಸ ಯಂತ್ರಕ್ಕೆ ಗಾಬರಿಯಾಯಿತು. "ಅಜ್ಜಾ, ಇದೇನು, ರೋಗಿ ಮಲಗಿಬಿಟ್ಟಳು!" ಎಂದಿತು. "ಬರೆದುಕೋ ಮಗನೇ, ಇಂಥ ಗೆರೆ ದಿನಾ ಸಿಗುವುದಿಲ್ಲ" ಎಂದೆ.

ಹೊರಗೆ ಸಾಲು ಬೆಳೆದಿತ್ತು. ಡಾಕ್ಟರ್ ಇಟಗಿಯವರು ಪಟ್ಟಿ ನೋಡಿ, ಹೆದರುವಂಥದ್ದೇನಿಲ್ಲ ಎಂದು ತಲೆಯಾಡಿಸಿ, ಎಬ್ಬಿಸು ಎಂದು ಸನ್ನೆ ಮಾಡಿದರು. ಕಸ್ತೂರಿ ತುಟಿಯ ಮೇಲೆ ಬೆರಳಿಟ್ಟಳು.

"ಚೂರು ಮಲಗ್ಲಿ ಬಿಡ್ರಿ ಸರ್. ಹೊರಗಿನವ್ರ ಜೋಡಿ ನಾ ಮಾತಾಡ್ತೀನಿ."