ಬರ್ತೇನೆ ಎಂದರೆ

ಐರೋಲಿಯ ಆ ಕಚೇರಿಯಲ್ಲಿ ಕನ್ನಡಕ್ಕೆಂದು ಉಳಿದವಳು ಅಶ್ಮಿತಾ ಒಬ್ಬಳೇ. ಬ್ಯಾಂಕಿಗೆ ಫೋನ್ ಮಾಡುವ ಕನ್ನಡದ ಗಿರಾಕಿಗಳಿಗೆ ಮೊದಲು ಅವಳೂ ಗೆಳತಿಯರೂ ಉತ್ತರಿಸುತ್ತಿದ್ದರು; ಈಗ ಯಂತ್ರ ಉತ್ತರಿಸುತ್ತದೆ, ಅಶ್ಮಿತಾಳದೇ ದನಿಯಲ್ಲಿ. ಅದು ತಪ್ಪಿದಲ್ಲಿ ತಿದ್ದುವುದಷ್ಟೇ ಅವಳ ಕೆಲಸ. ತಪ್ಪು ಮುಗಿದ ದಿನ ಕೆಲಸವೂ ಮುಗಿಯಿತು ಎಂದು ಮ್ಯಾನೇಜರ್ ಕಶ್ಯಪ ಮುಚ್ಚುಮರೆಯಿಲ್ಲದೆ ಹೇಳಿದ್ದ.

ಹಾಗಾಗಿ ಒಂದು ತಪ್ಪನ್ನು ಅವಳು ಬೇಕೆಂದೇ ಉಳಿಸಿಕೊಂಡಿದ್ದಳು. ಕರಾವಳಿಯ ಹಳಬರು ಮಾತು ಮುಗಿಸುವಾಗ 'ಬರ್ತೇನೆ' ಅನ್ನುತ್ತಾರೆ. ಹೊರಟೆ ಎಂದು ಅದರ ಅರ್ಥ. ಯಂತ್ರಕ್ಕೆ ಅದು ತಿಳಿಯದು. ಯಾವ ದಿನ ಎಂದು ಕೇಳುತ್ತದೆ. ಸಿಟ್ಟಾದವರು ಫೋನ್ ಇಡುತ್ತಾರೆ, ಯಾರಿಗೇನು ನಷ್ಟ ಎಂದುಕೊಂಡಿದ್ದಳು. ಡೊಂಬಿವಲಿಯ ಮನೆ, ಮದುವೆಯಾದಾಗಿನಿಂದ ಮುಂದೂಡುತ್ತ ಬಂದ ಮಗು, ಎಲ್ಲವೂ ಈ ಒಂದು ಪದಕ್ಕೆ ಜೋತುಬಿದ್ದಿದ್ದವು.

ಸೋಮವಾರ ಕಶ್ಯಪ ಹೆಡ್‌ಫೋನ್ ಚಾಚಿದ. "ಕೇಳ್ರಿ ಇದನ್ನ. ಠಾಣೆ ಬ್ರಾಂಚಿನವ್ರು ತಲಿ ತಿನ್ನಾಕತ್ತಾರ."

ಬದಲಾಪುರದ ಬಾಗಿ ಎಂಬ ಮುದುಕಿ ಹಿಂದಿನ ವಾರ ಮಾಡಿದ್ದ ಕರೆ ಅದು.

"ಬರ್ತೇನೆ ಮಗಾ."

"ಯಾವ ದಿನ ಬರುತ್ತೀರಿ?"

"ಬರುದಲ್ಲ ಮಾರಾಯ್ತಿ, ಬರ್ತೇನೆ ಹೇಳಿದ್ದು!"

"ಕ್ಷಮಿಸಿ, ಯಾವ ದಿನ ಬರುತ್ತೀರಿ?"

ಹೊರಡುವಾಗ 'ಹೋಗುತ್ತೇನೆ' ಅನ್ನುವುದು ಅಪಶಕುನ. ಬಾಗಿ ಅದನ್ನು ಹೇಳುವವಳಲ್ಲ. ಕೇಳುತ್ತಿರುವವಳ ಮುಖಕ್ಕೆ ಹೊಡೆದಂತೆ ಫೋನ್ ಇಡುವವಳೂ ಅಲ್ಲ. ಕೊನೆಗೆ ಸೋತು, "ಪಾಪ, ಇಷ್ಟು ಕರೀತಿ. ಆಯ್ತು, ಶುಕ್ರವಾರ ಬರ್ತೇನೆ" ಅಂದಳು.

ಹೇಳಿದಂತೆ ಠಾಣೆ ಬ್ರಾಂಚಿಗೆ ಬಂದೂ ಬಂದಳು. ಊರುಗೋಲು ಹಿಡಿದು, ಕಿಕ್ಕಿರಿದ ಲೋಕಲ್ ರೈಲಿನಲ್ಲಿ ನಿಂತೇ. ಏನು ಬೇಕು ಅಜ್ಜಿ ಎಂದರೆ, "ನನಗೆಂತ ಬೇಡ, ಒಂದು ಹುಡುಗಿ ಕರೆದದ್ದು" ಎಂದು ಬ್ಯಾಂಕಿನ ಬೆಂಚಿನಲ್ಲಿ ಸಂಜೆವರೆಗೆ ಕೂತಳಂತೆ. ಕಾಲು ಊದಿ ಏಳಲಾಗದೆ, ಬ್ರಾಂಚಿನವರೇ ರಿಕ್ಷಾದಲ್ಲಿ ಮನೆ ಮುಟ್ಟಿಸಿದರಂತೆ.

ಅಶ್ಮಿತಾ ಹೆಡ್‌ಫೋನ್ ತೆಗೆದಿಟ್ಟಳು.

"ಇದೊಂದು ಪದ ಹೆಂಗ ಉಳೀತಂತ ನಾ ಕೇಳಂಗಿಲ್ರಿ," ಅಂದ ಕಶ್ಯಪ. "ಗೊತ್ತಿದ್ದೇ ಸುಮ್ನಿದ್ದೆ. ನಿಮ್ಮ ಹಿಂದ ನನ್ನ ಪಾಳಿನೂ ಐತಿ."

ಅವನು ಆಚೆ ಹೋದ ಮೇಲೆ ಅವಳು ತಿದ್ದಲು ಕೂತಳು. ಊಟದ ಹೊತ್ತಿಗೆ ಮುಗಿದೇಹೋಯಿತು.

ಸ್ಟೇಷನ್ನಿನಿಂದ ಗಂಡನಿಗೆ ಫೋನ್ ಮಾಡಿದಳು. ಜಯೇಶ್ ಕಲ್ಯಾಣದ ಹೋಟೆಲೊಂದರಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವನು.

"ಇವತ್ತೆಂತ ಬೇಗ?"

"ಕೆಲಸ ಮುಗೀತು."

"ಇವತ್ತಿದ್ದಾ?"

"ಪೂರ್ತಿ."

ಅವನ ಹಿಂದೆ ಏನೋ ಗರಗರ ತಿರುಗುವುದು ಅವಳಿಗೆ ಕೇಳಿಸಿತು.

"ಅದೆಂತ ಶಬ್ದ?"

"ದೋಸೆ ಮೆಷಿನ್. ಊರಿಂದ ಹುಡುಗರು ಬರುದಿಲ್ಲ ಅಲ್ವಾ. ಬರ್ಲಿಕ್ಕೆ ಮೊದಲು ಹುಟ್ಟಬೇಕು. ಮನೆಗೊಂದು ಹುಟ್ಟುದು, ಅದೂ ಕೆಲಸಕ್ಕೆ ಕುವೈಟಿಗೆ ಹೋಗ್ತದೆ." ಅವನು ನಕ್ಕ, ನಗೆ ಅರ್ಧಕ್ಕೇ ಆರಿತು. "ನಿಮ್ಮಲ್ಲಿ ಮೆಷಿನ್ ಬಂದು ಜನ ಹೋದ್ರು. ನಮ್ಮಲ್ಲಿ ಜನ ಹೋಗಿ ಮೆಷಿನ್ ಬಂತು."

"ಅದಕ್ಕೆ ಹಿಟ್ಟು ತುಂಬುದು ಯಾರು?"

"ಯಾರಿದ್ದಾರೆ? ನಾನೇ."

"ನಾಳೆಯಿಂದ ನಾನು ತುಂಬ್ತೇನೆ."

"ಹುಚ್ಚಾ ನಿಂಗೆ? ಸೊಸೆ ಹೋಟೆಲಲ್ಲಿ ಅಂದ್ರೆ ನನ್ನ ಅಮ್ಮ ಎಂತ ಹೇಳ್ತಾರೋ!"

"ಹೇಳ್ಲಿ."

"ಬೆಳಗಾಗುವ ಮೊದಲೇ ಹೊರಡ್ಬೇಕು ಮಾರಾಯ್ತಿ."

"ಹೊರಡುವ."

ಠಾಣೆಯ ಗಾಡಿ ಬಂತು. ಆ ನಡುಮಧ್ಯಾಹ್ನ ಬೋಗಿಯೆಲ್ಲ ಖಾಲಿ. ಕಿಟಕಿಯ ಪಕ್ಕವೇ ಜಾಗ ಸಿಕ್ಕಿತು. ಈ ದಾರಿಯಲ್ಲಿ ಅವಳಿಗೆ ಅದು ಮೊದಲ ಸಲ.