ಎರಡು ವಿಮಾನ

ಮುರಿಗೆಪ್ಪ ಮೂವತ್ತೊಂದು ವರ್ಷ ನಿಂತೇ ದುಡಿದವನು. ಮುಂಬಯಿಯ ಬಟ್ಟೆ ಮಾರ್ಕೆಟ್ಟಿನ ಒಂದು ಅಂಗಡಿಯಲ್ಲಿ ಗಜಕಡ್ಡಿ ಹಿಡಿದು ಸೀರೆ, ಖಣ, ಧೋತರ ಅಳೆದು ಅಳೆದು ಅವನ ಮೊಣಕಾಲು ಸವೆದವೇ ಹೊರತು ಗಜಕಡ್ಡಿ ಸವೆಯಲಿಲ್ಲ. ಅಂಧೇರಿಯ ಚಾಳಿನಿಂದ ಹೊರಟರೆ ಲೋಕಲ್ಲಿನಲ್ಲಿ ನಿಲ್ಲುವುದು, ಅಂಗಡಿಯಲ್ಲಿ ನಿಲ್ಲುವುದು, ಮತ್ತೆ ಲೋಕಲ್ಲಿನಲ್ಲಿ ನಿಲ್ಲುವುದು. ಇಂಥವನು ನೌಕರಿ ಬಿಟ್ಟ ಮೇಲೆ ಮೊಟ್ಟಮೊದಲು ಯೋಚಿಸಿದ್ದು ಸತ್ತ ಮೇಲೆ ಹೇಗೆ ಕೂಡಬೇಕು ಎಂಬುದನ್ನು. ನಗಬೇಡಿ, ಅದಕ್ಕೆ ಕಾರಣವಿತ್ತು.

ಅವನ ಜನ ಸತ್ತವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ಬಿದಿರು ಬಾಳೆಕಂಬದಲ್ಲಿ ಕಟ್ಟಿದ ಹೂವಿನ ಮಂಟಪದಲ್ಲಿ ಕೂಡಿಸಿ, ಭಜನೆ ಹೇಳುತ್ತ ಮೆರೆಸಿಕೊಂಡು ಒಯ್ಯುತ್ತಾರೆ. ಕುಣಿಯಲ್ಲೂ ಕೂಡಿಸಿಯೇ ಮಣ್ಣು ಕೊಡುತ್ತಾರೆ. ಆ ಹೂವಿನ ಮಂಟಪಕ್ಕೆ ಬಿಜಾಪುರ, ಧಾರವಾಡದ ಕಡೆ ವಿಮಾನ ಎಂದೇ ಹೆಸರು. ಹಾರುವ ವಿಮಾನ ಹುಟ್ಟುವುದಕ್ಕಿಂತ ಎಷ್ಟೋ ಮೊದಲಿನ ಹೆಸರು ಅದು.

ಹೋದ ಮಳೆಗಾಲದಲ್ಲಿ ಭಾಂಡುಪಿನ ಕಾರ್ಖಾನೆಯಲ್ಲಿದ್ದ ಅವನ ಗೆಳೆಯ ಸಿದ್ದರಾಮಪ್ಪ ಒಂಟಿಯಾಗಿ ತೀರಿಕೊಂಡ. ನೆರೆಹೊರೆಯವರು ಒಳ್ಳೆಯವರು. ತಮಗೆ ಗೊತ್ತಿದ್ದ ರೀತಿಯಲ್ಲಿ ಬಿದಿರಿಗೆ ಕಟ್ಟಿ ಒಯ್ದು ಬೆಂಕಿ ಕೊಟ್ಟರು. ಸುದ್ದಿ ತಿಳಿದು ಮುರಿಗೆಪ್ಪ ಓಡಿಹೋಗಿ ಮುಟ್ಟುವಷ್ಟರಲ್ಲಿ ಬರೀ ಹೊಗೆ. ತನಗೂ ಇದೇ ಗತಿಯೇ ಎಂದು ಅವನು ಹೆದರಿದ. ಹೆಂಡತಿಯನ್ನು ಬಿಟ್ಟರೆ ಇರುವವಳು ಒಬ್ಬಳೇ ಮಗಳು, ಹುಬ್ಬಳ್ಳಿಯ ಸೊಸೆ. ತಾರು ಮುಟ್ಟಿ ಅವಳು ರೈಲು ಹತ್ತಿ ಬರುವ ತನಕ ಯಾವ ಹೆಣ ಕಾದೀತು?

ಹೀಗಾಗಿ ಸಾವಿರದ ಒಂಬೈನೂರ ಐವತ್ತಾರರ ದೀಪಾವಳಿ ಮುಗಿದ ವಾರವೇ ಅವನು ದಾದರಿನ ಶರಣ ಸೇವಾ ಸಮಿತಿಯ ಕೋಣೆಗೆ ಹೋದ. ಊರು ಬಿಟ್ಟು ಬಂದ ತಮ್ಮ ಜನಕ್ಕಾಗಿ ಸಮಿತಿಯವರು ಹೊಸ ಯೋಜನೆ ತೆಗೆದಿದ್ದರು: ಬದುಕಿದ್ದಾಗ ರೊಕ್ಕ ಕಟ್ಟು, ಸತ್ತಾಗ ಎಲ್ಲ ನಮಗೆ ಬಿಡು. ಕಾರ್ಯದರ್ಶಿ ಪರಪ್ಪ ದಪ್ಪ ಆಳು, ಮೆಲ್ಲಗೆ ಮಾತಾಡುವುದು ಅವನ ಜಾತಕದಲ್ಲೇ ಬರೆದಿರಲಿಲ್ಲ.

"ಎರಡ ನಮೂನಿ ಅದಾವ್ರಿ," ಎಂದ ಪರಪ್ಪ. "ಸಾದಾ ಅಂದ್ರ ಕುರ್ಚಿ ಮ್ಯಾಲೆ ಕೂಡ್ರಿಸಿ ನಾಕ ಮಂದಿ ಹೊರತಾರು. ವಿಮಾನ ಅಂದ್ರ ಬಾಳಿಕಂಬ, ಬಣ್ಣದ ಕಾಗದ, ಚಂಡಹೂವು, ಮುಂದ ಭಜನಿ. ಕುಣಿ, ಅಯ್ಯನವರು, ವಿಭೂತಿ, ಪತ್ರಿ ಎರಡಕ್ಕೂ ಅದಾವು."

"ವಿಮಾನ ಎಷ್ಟ ಎತ್ತರ ಇರತೈತ್ರಿ?"

"ಹೆಗಲ ಮ್ಯಾಲೆ ಎತ್ತಿದ್ರ ಡಬಲ್ ಡೆಕ್ಕರ್ ಬಸ್ಸಿನ ಮಂದೀದು ನಿಮ್ಮದು ಮುಖಕ್ಕ ಮುಖ ನೋಡ್ರಿ!"

ಮುರಿಗೆಪ್ಪನ ಕಣ್ಣಿಗೆ ಅದು ಕಟ್ಟಿತು. ತಾನು ನೆಟ್ಟಗೆ ಕೂತಿದ್ದಾನೆ, ಮುಂಬಯಿಗೆ ಮುಂಬಯಿಯೇ ನಿಂತು ನೋಡುತ್ತಿದೆ. ಬದುಕಿನಲ್ಲಿ ಯಾವುದಕ್ಕೂ ಆಸೆಪಡದ ಆ ಮನುಷ್ಯನಿಗೆ ಇದೊಂದು ಬೇಕೇ ಬೇಕು ಅನಿಸಿಬಿಟ್ಟಿತು. ಅಂಗಡಿಯವರು ಕೊನೆಗೆ ಕೈಯಲ್ಲಿಟ್ಟಿದ್ದರಲ್ಲಿ ಊಟಕ್ಕೆ ಬೇಕಾದಷ್ಟು ಉಳಿಸಿಕೊಂಡು, ಮಿಕ್ಕಿದ್ದನ್ನು ತನಗೊಂದು, ಹೆಂಡತಿ ರಾಚವ್ವನಿಗೊಂದು, ಎರಡು ವಿಮಾನಕ್ಕೆ ಕಟ್ಟಿ ಬಂದ. ಮನೆಯಲ್ಲಿ ಮಾತ್ರ ಚಕಾರ ಎತ್ತಲಿಲ್ಲ. ಎದುರಿಗೆ ಕೂತು ಬಿಸಿ ರೊಟ್ಟಿ ಬಡಿಸುವ ಹೆಂಡತಿಗೆ 'ನಿನ್ನ ಹೆಣಕ್ಕೆ ರೊಕ್ಕ ಕಟ್ಟಿ ಬಂದೆ' ಎನ್ನಲು ಯಾವ ಗಂಡನಿಗೆ ನಾಲಿಗೆ ಹೊರಳುತ್ತದೆ ಹೇಳಿ.

ಮುಂದಿನ ಭಾನುವಾರ ಬೆಳಿಗ್ಗೆ ಪರಪ್ಪ ಚಾಳಿಗೇ ಬಂದ. ಮೂರು ಮಹಡಿ ಹತ್ತುವ ಮೈಯಲ್ಲ ಅವನದು. ಅಂಗಳದಲ್ಲೇ ನಿಂತು ಕೂಗಿದ:

"ಮುರಿಗೆಪ್ಪನವರ! ನಿಮ್ಮ ಎರಡೂ ವಿಮಾನ ಪಕ್ಕಾ ಆದೂ! ಇನ್ನ ನೀವು ಯಾವಾಗ ಹೊಂಟರೂ ಅಡ್ಡಿಯಿಲ್ಲ!"

ಕೂಗಿದವನು ತನ್ನ ಪಾಡಿಗೆ ಹೋದ. ಪಕ್ಕದ ಕೋಣೆಯ ಶೀಲಾವತಿ ಒಣಗಲು ಹಾಕುತ್ತಿದ್ದ ಬಟ್ಟೆಯನ್ನು ಅಲ್ಲೇ ಬಿಟ್ಟು ಓಡಿ ಬಂದಳು. ಅವಳು ಉಡುಪಿಯ ಕಡೆಯವಳು, ಗಂಡನದು ಸ್ಟೇಷನ್ನಿನ ಹತ್ತಿರ ಹೋಟೆಲು. ಅವಳಿಗೆ ವಿಮಾನ ಎಂದರೆ ಸಾಂತಾಕ್ರೂಜಿನಲ್ಲಿ ಇಳಿಯುವಂಥದ್ದು ಒಂದೇ.

"ರಾಚಕ್ಕಾ, ಊರಿಗೆ ವಿಮಾನದಲ್ಲಿ ಹೋಗುದಾ ನೀವು? ಒಂದು ಮಾತು ಹೇಳ್ಲೇ ಇಲ್ಲ ಅಲ್ವಾ ಮಾರಾಯ್ರೆ!"

ರಾಚವ್ವ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಗಂಡನ ಮುಖ ನೋಡಿದಳು. ಗ್ಯಾಲರಿಯ ಆಚೆ ಕಾಣುವ ಆಕಾಶ ನೋಡಿದಳು. "ನನಗೂ ಹೇಳಿದ್ದಿಲ್ಲ ನೋಡವಾ. ಇವರದ ಯಾವಾಗಲೂ ಹಿಂಗ," ಎಂದಳು. ಹಾಗೆನ್ನುವಾಗ ಐವತ್ತೈದರ ಆ ಮುಖ ಹದಿನಾರರ ಹಾಗೆ ಕೆಂಪಾಯಿತು.

ಮುಂಬಯಿಗೆ ಬಂದು ಇವಳು ನಮ್ಮ ಕಡೆಯ ಮಾತನ್ನೇ ಮರೆತಳಲ್ಲ ಎಂದು ಮುರಿಗೆಪ್ಪನಿಗೆ ಬೆರಗಾಯಿತು. ಆದರೆ ಆ ಮುಖವನ್ನು ನೋಡಿ ನಿಜ ಹೇಳಲು ಧೈರ್ಯ ಸಾಲಲಿಲ್ಲ. ಮದುವೆಯಾದ ಹೊಸತರಲ್ಲಿ ಮುಂಬಯಿಯೆಲ್ಲ ತೋರಿಸುತ್ತೇನೆ ಎಂದು ಕರೆತಂದವನು ತೋರಿಸಿದ್ದು ಒಂದೇ ಒಂದು ಸಲ ರಾಣಿಬಾಗಿನ ಮೃಗಾಲಯದ ಆನೆ. ದಿನಾ ಸಂಜೆ ಚಾಳಿನ ಮೇಲೆ ವಿಮಾನ ಗುಡುಗಿದರೆ ಸಾಕು, ರೊಟ್ಟಿ ಹಂಚಿನ ಮೇಲೆ ಸೀಯುತ್ತಿದ್ದರೂ ಅವಳು ಗ್ಯಾಲರಿಗೆ ಓಡುತ್ತಿದ್ದಳು. ಅದರಾಗೇನೈತಿ ನೋಡಾಕ, ಎಂದು ಅವನು ಗೊಣಗುತ್ತಿದ್ದ. ಈಗ ಅದೆಲ್ಲ ನೆನಪಾಗಿ ನಾಚಿಕೆಯಾಯಿತು. ಇಷ್ಟು ವರ್ಷಕ್ಕೆ ಅರಳಿದ ಮುಖವನ್ನು ತಾನೇ ಕೈಯಾರೆ ಬಾಡಿಸಬೇಕೇ?

ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಈ ಕಡೆ ಚಾಳಿನ ತುಂಬ ಸುದ್ದಿ. ಮೇಲೆ ಹೋದರೆ ಕಿವಿ ಮುಚ್ಚುತ್ತದೆ, ಪೆಪ್ಪರ್‌ಮಿಂಟ್ ಚೀಪಬೇಕು ಎಂದು ಶೀಲಾವತಿಯ ಗಂಡ ಒಂದು ಪೊಟ್ಟಣವನ್ನೇ ಕಳಿಸಿದ. ರಾಚವ್ವ ಟ್ರಂಕಿನ ತಳದಿಂದ ಇಳಕಲ್ ಸೀರೆ ತೆಗೆದು ಬಿಸಿಲಿಗೆ ಹರವಿದಳು. ಯಾವ ದಿನ ಹೋಗುವುದೆಂದು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಜಗಳವಾಡಿ ತಪ್ಪಿಸಿಕೊಳ್ಳಬಹುದಿತ್ತು. ಕೇಳದಿದ್ದದ್ದೇ ಅವನಿಗೆ ಪೇಚಾಯಿತು.

ದಾರಿ ತೋರಿಸಿದವನು ಓಣಿಯ ಹಜಾಮ. ಜುಹೂ ಮೈದಾನದಲ್ಲಿ ಭಾನುವಾರ ಸಣ್ಣ ವಿಮಾನವೊಂದು ಹಾರುತ್ತದೆ, ದುಡ್ಡು ಕೊಟ್ಟರೆ ಪೈಲಟ್ಟನ ಹಿಂದೆ ಒಬ್ಬರನ್ನು ಕೂಡಿಸಿಕೊಂಡು ಊರ ಮೇಲೆ ಒಂದು ಸುತ್ತು ಹಾಕಿಸುತ್ತಾರೆ, ಎಂದು ಅವನು ಗಲ್ಲಕ್ಕೆ ಕತ್ತಿ ಹಿಡಿದೇ ಹೇಳಿದ. ಮುರಿಗೆಪ್ಪ ಅರ್ಧ ಬೋಳಿಸಿಕೊಂಡ ಗಲ್ಲದಲ್ಲೇ ಎದ್ದು ನಿಂತನಂತೆ. ಆದರೆ ಅದಕ್ಕೆ ಕೈತುಂಬ ದುಡ್ಡು ಬೇಕು. ತಿಂಗಳ ಊಟದ ಗಂಟಿಗೆ ಕೈ ಹಾಕುವಂತಿಲ್ಲ. ಕೈ ಹಾಕಬಹುದಾದ ಜಾಗ ಒಂದೇ ಉಳಿದಿತ್ತು.

ಮರುದಿನವೇ ದಾದರಿಗೆ ಹೋಗಿ ಪರಪ್ಪನ ಮುಂದೆ ಕೂತ.

"ನಂದೊಂದ ಸಾದಾ ಮಾಡ್ರಿ," ಎಂದ. "ಹೆಚ್ಚಿಗಿ ಕಟ್ಟಿದ್ದನ್ನ ತಿರಗಿ ಕೊಡ್ರಿ. ಮನಿಯಾಕಿದು ಹಂಗ ಇರಲಿ."

ಪರಪ್ಪ ಕನ್ನಡಕ ತೆಗೆದು ನೋಡಿದ. "ಸಾದಾದಿಂದ ವಿಮಾನಕ್ಕ ಏರಾಕ ಬಂದವರನ್ನ ನೋಡೀನಿ. ಇಳ್ಯಾಕ ಬಂದವರು ನೀವ ಮೊದಲಿನವರು. ಯಾಕ್ರಿ, ಅಂಜಿಕಿ ಬಂತೇನು, ಅಷ್ಟ ಎತ್ತರಕ್ಕ?"

"ಹೌದ್ರಿ, ತಲಿ ತಿರಗತೈತಿ," ಎಂದು ಮುರಿಗೆಪ್ಪ ನಕ್ಕ. ನಗು ಹೊರಗಿನದು. ಪರಪ್ಪ ಅವನ ಹೆಸರಿನ ಮುಂದಿದ್ದ ವಿಮಾನಕ್ಕೆ ಗೆರೆ ಎಳೆದು ಸಾದಾ ಎಂದು ಬರೆಯುವಾಗ ಅವನಿಗೆ ನಿಜವಾಗಿಯೂ ಸಂಕಟವಾಯಿತು. ಡಬಲ್ ಡೆಕ್ಕರ್ ಬಸ್ಸಿನ ಮಂದಿ ಮುಖ ತಿರುಗಿಸಿಕೊಂಡು ಹೋದ ಹಾಗಾಯಿತು.

ಮನೆಗೆ ಬಂದು ರಾಚವ್ವನಿಗೆ ಹೇಳಿದ: "ಊರಿಗೆ ಹೋಗೂದಲ್ಲ ಮತ್ತ. ಮುಂಬಯಿ ಮ್ಯಾಲೆ ಒಂದ ಸುತ್ತ. ಒಬ್ಬರಿಗೇ ಜಾಗಾ ಐತಿ. ನೀ ಹೋಗಿ ಬಾ."

"ಹೂಂ, ಆತು," ಎಂದಳು ರಾಚವ್ವ, ತರಕಾರಿಗೆ ಹೋಗಿ ಬಾ ಎಂದಾಗ ಅನ್ನುವಷ್ಟೇ ಸಲೀಸಾಗಿ.

ಜುಹೂ ಮೈದಾನದಲ್ಲಿ ವಿಮಾನವನ್ನು ಕಂಡಾಗ ಮುರಿಗೆಪ್ಪನೇ ಎರಡು ಹೆಜ್ಜೆ ಹಿಂದೆ ಸರಿದ. ಇಷ್ಟು ಸಣ್ಣದೇ? ರಾಚವ್ವ ಹಿಂಜರಿಯಲಿಲ್ಲ. ಇಳಕಲ್ ಸೀರೆಯ ಸೆರಗನ್ನು ನಡುವಿಗೆ ಬಿಗಿದು ಏಣಿ ಹತ್ತಿದಳು. ಪೈಲಟ್ ಹುಡುಗ ಹಿಂದಿಯಲ್ಲಿ "ಡರ್ ಲಗತಾ ಹೈ ಮಾಜೀ?" ಎಂದು ಅಂಜಿಕೆಯ ಮಾತು ತೆಗೆದರೆ, ಕೊರಳ ಲಿಂಗವನ್ನು ಮುಟ್ಟಿಕೊಂಡು ಕನ್ನಡದಲ್ಲೇ "ನೀ ಮೊದಲ ಹಾರಸಪಾ," ಎಂದಳು. ವಿಮಾನ ಮೈದಾನದ ತುದಿ ತನಕ ಓಡಿ, ತೆಂಗಿನ ಗಿಡಗಳ ಮೇಲೆ ಎದ್ದು, ಸಮುದ್ರದ ಕಡೆ ಹೊರಳಿತು. ಮುರಿಗೆಪ್ಪ ಟೊಪ್ಪಿಗೆ ಕೈಯಲ್ಲಿ ಹಿಡಿದು ಕತ್ತು ನೋಯುವ ತನಕ ಮೇಲೆ ನೋಡಿದ. ಅವಳು ಅಲ್ಲಿ, ತಾನು ಇಲ್ಲಿ. ಇಷ್ಟು ವರ್ಷದಲ್ಲಿ ಅವಳಿಲ್ಲದ ಮನೆ ಹೇಗಿರುತ್ತದೆಂದು ಅವನು ಯೋಚಿಸಿದವನೇ ಅಲ್ಲ. ಆ ಹತ್ತು ನಿಮಿಷದಲ್ಲಿ ಅದು ಪೂರಾ ಗೊತ್ತಾಯಿತು. ಇಳಿದರೆ ಸಾಕಪ್ಪ ಎಂದು ಶಿವನಿಗೆ ಕೈ ಮುಗಿದ.

ಇಳಿದು ಬಂದ ರಾಚವ್ವನ ಕೂದಲು ಕೆದರಿತ್ತು, ಮೋರೆ ಬೆಳಗುತ್ತಿತ್ತು. ಬಸ್ ಸ್ಟಾಪಿನ ಕಟ್ಟೆಯ ಮೇಲೆ ಇಬ್ಬರೂ ಕೂತರು.

"ಏನೇನ ಕಂಡಿ?" ಎಂದು ಕೇಳಿದ.

"ಸಮುದ್ರ ಕಂಡೆ. ಲೋಕಲ್ ಗಾಡಿ ಇರಿವಿ ಸಾಲಿನಂಗ ಕಂಡೆ. ನಿಮ್ಮನ್ನ ಕಂಡೆ. ಟೊಪ್ಪಿಗಿ ತಗದ ನಿಂತಿದ್ದರಿ, ಹೆಣ ನೋಡಿದವರಂಗ!"

ಮುರಿಗೆಪ್ಪನಿಗೆ ಇನ್ನು ತಡೆಯಲಾಗಲಿಲ್ಲ. ಹೇಳಲು ಶುರು ಮಾಡಿದ. ಪರಪ್ಪ ಕೂಗಿದ ವಿಮಾನ ಇದಲ್ಲ, ಅದು ಬೇರೆ...

"ಅದ ಬ್ಯಾರೆ ಅಂತ ನನಗ ಗೊತ್ತಿಲ್ಲೇನ್ರಿ?" ಎಂದು ರಾಚವ್ವ ನಡುವೆಯೇ ಬಾಯಿ ಹಾಕಿದಳು. "ನಮ್ಮಪ್ಪನ ವಿಮಾನಕ್ಕ ಹೂವು ಕಟ್ಟಿದಾಕಿ ನಾನು. ಶೀಲಾವತಿಗೆ ತಿಳೀಲಿಲ್ಲ ಅಂದ್ರ ನನಗೂ ತಿಳ್ಯಾಣಿಲ್ಲೇನು? ಸತ್ತ ಮ್ಯಾಲೆ ಕೂಡ್ರಾಕ ರೊಕ್ಕ ಕಟ್ಟತಾರು, ಬದುಕಿದ್ದಾಗ ಕೂಡ್ರಸ್ತಾರೇನ ನೋಡೂಣು ಅಂತ ಸುಮ್ಮನಿದ್ದೆ."

ಮುರಿಗೆಪ್ಪ ಇಂಗು ತಿಂದ ಮಂಗನಂತಾದ. ಆಮೇಲೆ ನಗು ಬಂತು. ನಕ್ಕು ನಕ್ಕು ಕಣ್ಣೊರೆಸಿಕೊಂಡು, ತನ್ನದನ್ನು ಸಾದಾ ಮಾಡಿಸಿದ ಸಂಗತಿಯನ್ನೂ ಹೇಳಿಬಿಟ್ಟ. ರಾಚವ್ವನ ನಗು ನಿಂತಿತು. ಅವನು ಯಾವುದಕ್ಕೂ ಆಸೆಪಡದವನೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ನಾಳೆ ದಾದರಕ ಹೋಗೂಣು," ಎಂದಳು. "ಉಳದ ವಿಮಾನ ನಿಮ್ಮ ಹೆಸರಿಗಿ ಬರಸ್ರಿ. ನಂದು ಇವತ್ತ ಆತು. ನನಗ ಕುರ್ಚಿ ಸಾಕು."

"ಹುಚ್ಚಿ ಅದೀಯೇನ? ಮುತ್ತೈದಿ ಹೆಂಗಸು, ನೀ ಮೊದಲ ಹೋದಾಗ ಮಂದಿ ನನಗೇನಂದಾರು?"

ಪ್ರತಿ ಸೋಮವಾರ ಗಂಡನಿಗಿಂತ ಮೊದಲು ನನ್ನನ್ನು ಒಯ್ಯಪ್ಪ ಎಂದು ಶಿವನನ್ನು ಬೇಡಿಕೊಳ್ಳುತ್ತ ಬಂದ ಹೆಂಗಸು ಅವಳು. ಅವನ ಟೊಪ್ಪಿಗೆಯ ಮೇಲೆ ಕೂತಿದ್ದ ಮೈದಾನದ ಧೂಳನ್ನು ಸೆರಗಿನಿಂದ ಜಾಡಿಸಿ ಅವನ ತಲೆಯ ಮೇಲಿಟ್ಟಳು.

"ನಾ ಮೊದಲ ಹೋಗೂದಿಲ್ಲ," ಎಂದಳು. "ಕೆಳಗ ನಿಂತ ನೋಡೂದು ಎಷ್ಟ ಕಷ್ಟ ಅಂತ ಇವತ್ತ ಮ್ಯಾಲಿಂದ ಕಂಡೆ. ಅದು ನಿಮ್ಮ ಕೈಲೆ ಆಗೂದಿಲ್ಲ. ನೀವ ಮೊದಲ ಮೆರಕೊಂತ ಹೋಗ್ರಿ. ನಾ ನಿಂತ ನೋಡತೇನಿ."